ಗಾಡಿ ಗಟ್ಟಿ ಅದ ಇಲ್ಲ?

ಐದು ವರ್ಷದ ಮಗನಿಗೆ ಎಟಿವಿ ಕೊಡಿಸಲು ಹೊರಟ ಅಪ್ಪ ಮೊದಲು ಕೇಳುವ ಪ್ರಶ್ನೆ: ‘ಗಾಡಿ ಗಟ್ಟಿ ಅದ ಇಲ್ಲ?’ ಮಗ ಎಷ್ಟು ಗಟ್ಟಿ ಇದ್ದಾನೆಂದು ಮಾರುವವನೂ ಕೇಳುವುದಿಲ್ಲ, ಕೊಳ್ಳುವವನೂ ಯೋಚಿಸುವುದಿಲ್ಲ.

ಎಟಿವಿ ಯಾವುದೆಂದು ಗೊತ್ತಲ್ಲ? ನಾಲ್ಕು ದಪ್ಪ ಟೈರು, ಕಾಲು ಅಗಲಿಸಿ ಕೂರುವ ಸೀಟು, ಮುಂದೆ ಬೈಕಿನಂಥ ಹ್ಯಾಂಡಲ್ಲು. ಕೊಡಗಿನ ರೆಸಾರ್ಟಿಗೋ ಗೋವಾಕ್ಕೋ ಹೋದವರು ಅದರ ಮೇಲೆ ಕೂತು ತೆಗೆಸಿಕೊಂಡ ಫೋಟೊ ಈಗ ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲೂ ಇದೆ. ಅದನ್ನೇ ನೋಡಿ ನೋಡಿ ನಮ್ಮ ಕಲಬುರಗಿ ಜಿಲ್ಲೆಯ ಕೋಡ್ಲಾದಲ್ಲೂ ಒಬ್ಬ ಅಪ್ಪನಿಗೆ ಮಗನನ್ನು ಅದರ ಮೇಲೆ ಕೂರಿಸುವ ಹುಕಿ ಬಂದಿದೆ. ಹೆಸರು ಬೇಡ. ಇಂಥ ಅಪ್ಪಂದಿರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲೂ ಇರುವುದರಿಂದ ಎಲ್ಲರಿಗೂ ತಮ್ಮದೇ ಸುದ್ದಿ ಎನ್ನಿಸಲಿ.

ಎಂಥ ನೆಲದಲ್ಲೂ ಓಡುತ್ತದೆ ಎಂಬುದು ಈ ಗಾಡಿಯ ಹೆಗ್ಗಳಿಕೆ. ನಮ್ಮ ಕಡೆ ಓಡದ ಗಾಡಿ ಯಾವುದು, ಹೇಳಿ. ಕೆಳಗೆ ಸುಣ್ಣದ ಕಲ್ಲು, ಮೇಲೆ ಅದರದೇ ಧೂಳು, ನಡುವೆ ನಾವು. ಸೇಡಂ, ಮಳಖೇಡ, ವಾಡಿ, ಇಟಗಾ, ಕೋಡ್ಲಾ, ಎತ್ತ ತಿರುಗಿದರೂ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ. ಊರೂರಿಗೆ ಸಿಮೆಂಟು ಕಳಿಸುವವರು ತಮ್ಮೂರಿಗೂ ಒಂದು ಗಟ್ಟಿ ರಸ್ತೆ ಬೇಕೆಂದರೆ ಅದು ಆಸೆಬುರುಕತನ. ಹಿಂದೆ ಮೂವರನ್ನು ಜೋತು ಹಾಕಿಕೊಂಡ ಟಂಟಂ ಟಿಪ್ಪರಿಗೆ ದಾರಿ ಬಿಟ್ಟು, ಗುಂಡಿಗೆ ಇಳಿದು, ಎದ್ದು, ಕೆಮ್ಮಿ, ಮುಂದೆ ಹೋಗುವುದನ್ನು ಒಮ್ಮೆ ನೋಡಿದರೆ ಎಟಿವಿ ಕಂಪನಿಯ ಇಂಜಿನಿಯರು ತನ್ನ ಸರ್ಟಿಫಿಕೇಟು ವಾಪಸು ಕೊಟ್ಟಾನು. ರೆಸಾರ್ಟಿನವರು ರೊಕ್ಕ ತೆಗೆದುಕೊಂಡು ಮಾಡಿಸುವ ಸಾಹಸವನ್ನು ನಾವು ಸಂತೆಗೆ ಹೋಗುವಾಗ ಮಾಡುತ್ತೇವೆ.

ಮಕ್ಕಳ ತರಬೇತಿಯೂ ಬೇಗನೆ ಶುರುವಾಗುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಬೈಕಿನ ಮೇಲೆ ಒಯ್ದರೆ ಅದರ ತಲೆಗೆ ಹೆಲ್ಮೆಟ್, ಮೈಗೆ ಸವಾರನಿಗೆ ಕಟ್ಟುವ ಬೆಲ್ಟು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿತು. ನಮ್ಮಲ್ಲಿ ಮಗು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಎರಡೂ ಕೈಯಲ್ಲಿ ಕನ್ನಡಿ ಹಿಡಿದಿರುತ್ತದೆ. ಅದೇ ಬೆಲ್ಟು, ಅದೇ ಹೆಲ್ಮೆಟ್ಟು. ಇಂಥ ಅನುಭವಿಗೆ ಐದನೇ ವರ್ಷಕ್ಕೆ ಸ್ವಂತ ಗಾಡಿ ಬೇಡವೆಂದರೆ ಹೇಗೆ?

ಈ ಗಾಡಿ ಮೊದಲು ಹಬ್ಬಿದ ನಾಡಿನವರು ಮಾತ್ರ ಸ್ವಲ್ಪ ಅಂಜುಬುರುಕರು. 1970ರಲ್ಲಿ ಹೊಂಡಾ ಕಂಪನಿ ಅಮೆರಿಕದಲ್ಲಿ ಮೂರು ಗಾಲಿಯದನ್ನು ಬಿಟ್ಟಿತು. ಹದಿನೆಂಟು ವರ್ಷ ಜನ ಬಿದ್ದರು, ಎದ್ದರು, ಕೆಲವರು ಏಳಲಿಲ್ಲ. 1988ರಲ್ಲಿ ಸರ್ಕಾರ ಕೋರ್ಟಿನ ಮೂಲಕ ಕಂಪನಿಗಳಿಂದ ಒಪ್ಪಂದ ಬರೆಸಿಕೊಂಡು ಮೂರು ಗಾಲಿಯದರ ಮಾರಾಟ ನಿಲ್ಲಿಸಿತು, ನಾಲ್ಕು ಗಾಲಿಯದಕ್ಕೆ ವಯಸ್ಸಿನ ಲೆಕ್ಕ ಹಚ್ಚಿತು. ಈಗ ಅಲ್ಲಿನ ಕಂಪನಿಗಳ ಪಟ್ಟಿಯಲ್ಲಿ ತೀರಾ ಚಿಕ್ಕ ಗಾಡಿಯೇ ಆರು ವರ್ಷ ತುಂಬಿದವರಿಗೆ. ಅದೂ ಗಂಟೆಗೆ ಸುಮಾರು 24 ಕಿಲೋಮೀಟರ್ ದಾಟುವಂತಿಲ್ಲ. ಐದು ವರ್ಷದವನಿಗೆ ಗಾಡಿಯೇ ಇಲ್ಲ. ಅಲ್ಲಿನ ಮಕ್ಕಳ ಡಾಕ್ಟರುಗಳ ಸಂಘ ಇನ್ನೂ ಮುಂದೆ ಹೋಗಿ 16 ತುಂಬುವವರೆಗೆ ಯಾವುದೂ ಬೇಡ ಅನ್ನುತ್ತದೆ. ನಮ್ಮ ಕೋಡ್ಲಾದ ಅಪ್ಪನಿಗೆ ಇದನ್ನು ಹೇಳಿದರೆ, ‘ಅವ್ರ ಮಕ್ಕಳು ಪಿಜ್ಜಾ ತಿಂದು ಬೆಳೆದವ್ರಿ, ನಮ್ಮವು ಜ್ವಾಳದ ರೊಟ್ಟಿ ತಿಂದವು’ ಎಂದ. ವೈದ್ಯಶಾಸ್ತ್ರ ಇದಕ್ಕೆ ಇನ್ನೂ ಉತ್ತರ ಹುಡುಕಿಲ್ಲ.

ಗಟ್ಟಿತನದ ಮಾತಿಗೆ ಬರೋಣ. ಆನ್‌ಲೈನಿನಲ್ಲಿ ಸಿಗುವ ಅಗ್ಗದ್ದು ಹಗುರ, ಒಂದು ಮಳೆಗಾಲಕ್ಕೆ ಬೆಸುಗೆ ಬಿಡುತ್ತದೆ. ಒಳ್ಳೇ ಕಂಪನಿಯ 50 ಸಿಸಿ ಮಕ್ಕಳ ಗಾಡಿ ಗಟ್ಟಿ, ಸಂಶಯವಿಲ್ಲ. ಅದರ ತೂಕ ಹತ್ತಿರ ಹತ್ತಿರ ನೂರು ಕಿಲೋ, ಅಂದರೆ ಎರಡು ಚೀಲ ಸಿಮೆಂಟು. ಈ ಜಾತಿಯ ಗಾಡಿಗಳ ದೊಡ್ಡ ರೋಗ ಮಗುಚುವುದು. ಮಗುಚಿದಾಗ ಗಾಡಿ ಮೇಲೆ, ಸವಾರ ಕೆಳಗೆ. ಗಾಡಿಗೆ ಗೀರೂ ಬೀಳುವುದಿಲ್ಲ. ಅಪ್ಪ ಬಯಸಿದ್ದ ಬಾಳಿಕೆ ಅದೇ.

ಸೇಡಮಿನ ಗ್ಯಾರೇಜಿನ ಉಸ್ತಾದನ ಹತ್ತಿರ ಅಪ್ಪ ಸಲಹೆ ಕೇಳಲು ಹೋದ, ಮೊಬೈಲಿನಲ್ಲಿ ಗಾಡಿಯ ಚಿತ್ರ ಹಿಡಿದುಕೊಂಡು. ಉಸ್ತಾದ ಕೈಯ ಗ್ರೀಸು ಒರೆಸಿಕೊಂಡು ಚಿತ್ರ ಹಿಗ್ಗಿಸಿ ನೋಡಿದ.

‘ಇಲ್ಲಿ ನೋಡ್ರಿ ಅಣ್ಣಾರ, ಹೆಬ್ಬೆರಳಿನ ಹತ್ರ ಸಣ್ಣ ಸ್ಕ್ರೂ ಅದ. ಅದು ಒಳಗ ಇದ್ರ ಎಕ್ಸಿಲೇಟರ್ ಪೂರಾ ಒತ್ತಲಿಕ್ಕ ಬರಂಗಿಲ್ಲ.’

‘ಅದನ್ನ ತೆಗದ್ರ ಎಷ್ಟ ಓಡ್ತದ?’

‘ತೆಗ್ಯಾದು ಎರಡ ನಿಮಿಷದ ಕೆಲಸ. ಆದ್ರ ಕಂಪನಿಯವ್ರು ಯಾಕ ಹಾಕ್ಯಾರಂತ ಕೇಳವಲ್ರಿ.’

ಅಪ್ಪ ಕೇಳಲಿಲ್ಲ. ಆದರೂ ಉಸ್ತಾದ ಹೇಳಿದ. ಬೈಕಿನಂತೆ ತಿರುವುವ ಎಕ್ಸಿಲೇಟರ್ ಇಟ್ಟರೆ ಅಂಜಿದ ಹುಡುಗ ಹ್ಯಾಂಡಲ್ಲು ಬಿಗಿಹಿಡಿದು ಹಿಂದಕ್ಕೆ ವಾಲುತ್ತಾನೆ, ಗಾಡಿ ಇನ್ನಷ್ಟು ಜೋರು ಓಡುತ್ತದೆ. ಅದಕ್ಕೇ ಹೆಬ್ಬೆರಳಿನಿಂದ ಒತ್ತುವಂಥದ್ದು. ಹಿಂದೆ ನೇತಾಡುವ ಕೆಂಪು ಹಗ್ಗ ಇನ್ನೊಬ್ಬರ ಕೈಯಲ್ಲಿರಬೇಕು. ಜಗ್ಗಿದರೆ ಇಂಜಿನ್ ಬಂದ್. ಅಂದರೆ ಮಗ ಓಡಿಸುವಾಗ ಅಪ್ಪ ಹಿಂದೆ ಓಡಬೇಕು. ಅಪ್ಪ ತನ್ನ ಹೊಟ್ಟೆ ನೋಡಿಕೊಂಡ. ಗಾಡಿ ಮಗನಿಗೆ, ವ್ಯಾಯಾಮ ತನಗೆ ಎನ್ನುವ ವ್ಯವಹಾರ ಅವನಿಗೆ ಹಿಡಿಸಲಿಲ್ಲ.

‘ಟೈರಿಗ ಗಾಳಿ ನಾನ ಹೊಡಸ್ತೀನಿ ಬಿಡು,’ ಎಂದ. ಉಸ್ತಾದ ನಕ್ಕ. ಈ ದಪ್ಪ ಟೈರಿಗೆ ಬೇಕಾದದ್ದು ಬೆರಳೆಣಿಕೆಯಷ್ಟು ಪೌಂಡು ಗಾಳಿ. ಬಂಕಿನ ಹುಡುಗ ರೂಢಿಯಂತೆ ಮೂವತ್ತು ಹೊಡೆದರೆ ಗಾಡಿ ಕುಪ್ಪಳಿಸುತ್ತದೆ. ಇಂಥ ಹೆಚ್ಚಿನ ಗಾಡಿಗಳ ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಒಟ್ಟಿಗೇ ತಿರುಗುತ್ತವೆ. ಮಣ್ಣಿನಲ್ಲಿ ಒಂದು ಗಾಲಿ ಜಾರಿಕೊಂಡು ತಿರುವು ದಾಟುತ್ತದೆ. ಡಾಂಬರಿನ ಮೇಲೆ ಜಾರದೆ ಹಿಡಿಯುತ್ತದೆ, ಗಾಡಿ ಮಗ್ಗುಲಾಗುತ್ತದೆ. ಎಂಥ ನೆಲಕ್ಕೂ ಎಂದು ಮಾರುವ ಗಾಡಿಗೆ ಒಗ್ಗದ ನೆಲ ಒಂದೇ, ಒಳ್ಳೇ ರಸ್ತೆ. ಆ ಮಟ್ಟಿಗೆ ನಮ್ಮ ತಾಲ್ಲೂಕು ಪೂರ್ತಿ ಸುರಕ್ಷಿತ.

ರಸ್ತೆಗೆ ಒಯ್ದರೆ ಕಾನೂನು ಬೇರೆ ಇದೆ. ಇಂಥ ಆಟದ ಗಾಡಿಗೆ ನಂಬರ್ ಪ್ಲೇಟು ಸಿಗದು, ಸವಾರನಿಗೆ ಲೈಸೆನ್ಸು ಸಿಗದು. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮಿನ ಪ್ರಕಾರ ಹುಡುಗ ಓಡಿಸಿ ತಪ್ಪು ಮಾಡಿದರೆ ಪಾಲಕನಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಅಪ್ಪ ಇದಕ್ಕೂ ಸಿದ್ಧನಿದ್ದ: ‘ರೋಡಿಗ ಯಾರ್ ಒಯ್ತಾರ? ನಮ್ಮ ಹೊಲ ಇಲ್ಲೇನು?’

ಹೊಲ ಇದೆ. ಮುಂಗಾರಿನಲ್ಲಿ ಎರೆಮಣ್ಣು ಮೆತ್ತಿಕೊಂಡು ನಾಲ್ಕು ಗಾಲಿಯೂ ಒಂದೇ ಉಂಡೆಯಾಗುತ್ತವೆ. ಆಮೇಲೆ ಪುಷ್ಯದವರೆಗೆ ತೊಗರಿ ನಿಂತಿರುತ್ತದೆ, ಅದರೊಳಗೆ ಗಾಡಿ ಬಿಟ್ಟರೆ ಅಜ್ಜ ಕೊಡಲಿ ತೆಗೆಯುತ್ತಾನೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿ ಅದು, ಸುಮ್ಮನಲ್ಲ. ರಾಶಿ ಮುಗಿದ ಮೇಲೆ ನೆಲದಲ್ಲಿ ಉಳಿಯುವ ತೊಗರಿ ಕೂಳೆ ಎತ್ತಿನ ಗೊರಸಿಗೇ ಚುಚ್ಚುವಂಥದ್ದು, ರಬ್ಬರಿನ ಗತಿ ಏನು? ಬೇಸಿಗೆಗೆ ನೆಲ ಬಿರಿದು ಮಗುವಿನ ಕಾಲು ಇಳಿಯುವಷ್ಟು ಸೀಳು, ನೆತ್ತಿಯ ಮೇಲೆ 42 ಡಿಗ್ರಿ ಬಿಸಿಲು. ಉಳಿದದ್ದು ಹಳೇ ಕಲ್ಲುಗಣಿಯ ಅಂಚು. ಅಲ್ಲಿ ಸಪಾಟು ಪರಸಿ ಕಲ್ಲು ಇದೆ, ಕೆಳಗೆ ನೀರೂ ಇದೆ.

ಹಾಗಾದರೆ ಮಗು ಎಲ್ಲಿ ಆಡಬೇಕು? ಈ ಪ್ರಶ್ನೆಗೆ ದುಡ್ಡಿಲ್ಲವೆಂದು ಯಾರೂ ಹೇಳುವಂತಿಲ್ಲ. ಗಣಿ ಗುತ್ತಿಗೆ ಹಿಡಿದವರು ರಾಜಧನದ ಜೊತೆ ಅದರ ಮೇಲೊಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಬೇಕೆಂಬ ಕಾನೂನು 2015ರಿಂದ ಇದೆ. ಹಳೇ ಗುತ್ತಿಗೆಯಾದರೆ ರಾಜಧನದ ಶೇಕಡಾ 30, ಹರಾಜಿನಲ್ಲಿ ಪಡೆದದ್ದಾದರೆ 10. ಅದು ಗಣಿಯ ಧೂಳು ಕುಡಿಯುವ ಊರುಗಳಿಗೆಂದೇ ಇಟ್ಟ ದುಡ್ಡು. ಶಾಲೆ, ಆರೋಗ್ಯ, ಮಕ್ಕಳ ಬಾಬತ್ತು ಅದರ ಮೊದಲ ಸಾಲಿನಲ್ಲೇ ಇವೆ. ಕಂಪನಿ ಕಾಯ್ದೆಯ ಶೇಕಡಾ ಎರಡರ ಸಾಮಾಜಿಕ ಹೊಣೆಯ ಲೆಕ್ಕ ಬೇರೆ. ನಾಲ್ಕು ಮರ, ಒಂದು ಕಾಂಪೌಂಡು, ಮಕ್ಕಳು ಸೈಕಲ್ಲು ತುಳಿಯುವಷ್ಟು ಮಣ್ಣಿನ ಬಯಲು ಕೇಳಲು ಇಂಗ್ಲಿಷ್ ಬೇಕಿಲ್ಲ, ಗ್ರಾಮಸಭೆಯಲ್ಲಿ ಎದ್ದು ನಿಂತರೆ ಸಾಕು.

ಅಪ್ಪನಿಗೂ ಕೇಳುವ ಮನಸ್ಸಿತ್ತಂತೆ. ಆದರೆ ಗ್ರಾಮಸಭೆಯ ದಿನವೇ ಕೊರಿಯರಿನವನು ಡಬ್ಬಿ ತರುವುದಿತ್ತು.