ಇಳಿದರೆ ಬಗ್, ಏರಿದರೆ ಬುದ್ಧಿ

ಹೂಡಿಕೆಯ ಆ್ಯಪ್‌ನಲ್ಲಿ ಗ್ರಾಫ್ ಕೆಟ್ಟಿದೆಯೆಂದು ಕಸ್ಟಮರ್ ಕೇರ್‌ಗೆ ಫೋನ್ ಮಾಡುವವರೆಲ್ಲರ ಗ್ರಾಫೂ ಕೆಳಮುಖವಾಗಿಯೇ ಕೆಟ್ಟಿರುತ್ತದೆ. "ನನ್ನ ದುಡ್ಡು ಇರೋದಕ್ಕಿಂತ ಎರಡು ಪಟ್ಟು ತೋರಿಸ್ತಿದೆ, ಸ್ವಲ್ಪ ಇಳಿಸಿಕೊಡಿ" ಎಂದು ದೂರು ಕೊಟ್ಟ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಹಾಗೇನಾದರೂ ತೋರಿಸಿದ ದಿನ ಅದರ ಸ್ಕ್ರೀನ್‌ಶಾಟ್ ಬೀಗರ ವಾಟ್ಸಾಪ್ ಗುಂಪು ಸೇರಿರುತ್ತದೆ.

2024ರ ಅಕ್ಟೋಬರ್ 28ನ್ನೇ ತಗೊಳ್ಳಿ. ದೀಪಾವಳಿಯ ವಾರ. ರಿಲಯನ್ಸ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿದ್ದರಿಂದ ದರ 2,600 ರೂಪಾಯಿಯ ಮೇಲಿಂದ 1,300ರ ಆಸುಪಾಸಿಗೆ ಬಂತು. ಷೇರು ಎರಡು, ದರ ಅರ್ಧ, ಲೆಕ್ಕ ಚುಕ್ತಾ. ಎಡವಟ್ಟು ಇರುವುದು ಸಮಯದಲ್ಲಿ. ದರ ಬೆಳಿಗ್ಗೆ ಪೇಟೆ ತೆರೆದೊಡನೆ ಅರ್ಧವಾಗುತ್ತದೆ. ಬೋನಸ್ ಷೇರು ಡಿಮ್ಯಾಟ್ ಖಾತೆಗೆ ಬಂದು ಕೂರಲು ಒಂದೆರಡು ದಿನ ಬೇಕು. ಅಷ್ಟರವರೆಗೆ ಹಳೇ ಷೇರಿನ ಸಂಖ್ಯೆಯನ್ನು ಹೊಸ ದರದಿಂದ ಗುಣಿಸುವ ಆ್ಯಪ್, ಅರ್ಧ ಗಂಟು ಮುಳುಗಿತೆಂದು ಕೆಂಪು ಬಳಿದು ಕೂರುತ್ತದೆ. ಉಡುಗೊರೆ ಕೊಟ್ಟ ಹಬ್ಬದ ವಾರದಲ್ಲೇ ಮನೆಯಲ್ಲಿ ಸೂತಕ.

ಅದೇ ವರ್ಷದ ಮೇ ತಿಂಗಳಲ್ಲಿ ಕೆನರಾ ಬ್ಯಾಂಕಿನ ಹತ್ತು ರೂಪಾಯಿ ಮುಖಬೆಲೆಯ ಷೇರು ಎರಡು ರೂಪಾಯಿಯ ಐದು ಷೇರುಗಳಾಯಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಎರಡು ಮಹಾಯುದ್ಧ, 1969ರ ರಾಷ್ಟ್ರೀಕರಣ ಎಲ್ಲವನ್ನೂ ದಾಟಿ ಬಂದ ಬ್ಯಾಂಕು, ಹಳೇ ದರಗಳನ್ನು ಐದರಿಂದ ಭಾಗಿಸಲು ಮರೆತ ಗ್ರಾಫ್‌ನ ಪ್ರಕಾರ ಒಂದೇ ಬೆಳಿಗ್ಗೆ ನೂರಕ್ಕೆ ಎಂಬತ್ತು ಪಾಲು ಅಳಿದುಹೋಗುತ್ತದೆ!

ಆಗ ಶುರುವಾಗುತ್ತದೆ ಚಿಕಿತ್ಸೆ.

"ಸರ್, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿ."

"ಮಾಡಿದೆ ಕಣಪ್ಪಾ. ಒಟಿಪಿ ಕೇಳ್ತು, ಪ್ಯಾನ್ ನಂಬರ್ ಕೇಳ್ತು, ಎಲ್ಲಾ ಕೊಟ್ಟೆ."

"ಈಗೇನು ತೋರಿಸ್ತಿದೆ ಸರ್?"

"ಅಷ್ಟೇ ನಷ್ಟ. ಆದ್ರೆ ಅಕ್ಷರ ದೊಡ್ಡದಾಗಿದೆ."

ನಿಜವಾದ ಮದ್ದು ಎರಡು ದಿನ ಸುಮ್ಮನಿರುವುದು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಕಸ್ಟಮರ್ ಕೇರ್ ಹುಡುಗನಿಗಿಲ್ಲ. ಗಿರಾಕಿ ಸುಮ್ಮನಿದ್ದರೆ ಆ್ಯಪ್ ಯಾತಕ್ಕೆ? ಕಡೆಗೆ ಷೇರು ತಾನಾಗಿ ಖಾತೆಗೆ ಬರುತ್ತದೆ, ಗೆರೆ ತಾನಾಗಿ ಮೇಲೇಳುತ್ತದೆ, "ನಿಮ್ಮ ಸಮಸ್ಯೆ ಬಗೆಹರಿಸಲಾಗಿದೆ, ಐದು ಸ್ಟಾರ್ ಕೊಡಿ" ಎಂಬ ಮೆಸೇಜು ಬರುತ್ತದೆ.

ಕೆಡದ ಗ್ರಾಫಿನ ಮೇಲೂ ದೂರುಗಳುಂಟು. ಮ್ಯೂಚುವಲ್ ಫಂಡಿನ ಎನ್‌ಎವಿ, ಅಂದರೆ ಯೂನಿಟ್ಟಿನ ಬೆಲೆ, ಹೊರಬೀಳುವುದು ದಿನಕ್ಕೊಮ್ಮೆ, ಪೇಟೆ ಮುಚ್ಚಿದ ಮೇಲೆ. ಆದರೂ ಮಧ್ಯಾಹ್ನ ಡಬ್ಬಿ ಬಿಚ್ಚಿಟ್ಟುಕೊಂಡು, ಎಡಗೈಯಲ್ಲಿ ಪರದೆಯನ್ನು ಕೆಳಗೆಳೆದೆಳೆದು, "ಗೆರೆ ಅಲ್ಲಾಡ್ತಾನೇ ಇಲ್ಲ, ಹ್ಯಾಂಗ್ ಆಗಿದೆ" ಎಂದು ಗೊಣಗುವವರಿದ್ದಾರೆ. ಲಂಬ ಅಕ್ಷ ಸೊನ್ನೆಯಿಂದ ಶುರುವಾಗುವುದಿಲ್ಲವೆಂಬುದನ್ನು ನೋಡದೆ, ಲಕ್ಷ ರೂಪಾಯಿಯಲ್ಲಿ ಮುನ್ನೂರು ಕಡಿಮೆಯಾದದ್ದಕ್ಕೆ ರಕ್ತದೊತ್ತಡದ ಮಾತ್ರೆ ನುಂಗುವವರೂ ಇದ್ದಾರೆ. ರಸ್ತೆಯ ಹಂಪನ್ನು ಕುದುರೆಮುಖವಾಗಿಸುವ ಆ ವಿದ್ಯೆಗೆ ವಿನ್ಯಾಸಕಾರರು ಸಂಬಳ ಪಡೆಯುತ್ತಾರೆ.

ಗೆರೆ ಏರುವಾಗ ಯಾರೂ ದೂರು ಕೊಡದ ದೋಷವೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಅನೇಕ ಆ್ಯಪ್‌ಗಳ ಮೊದಲ ಪುಟದ ಗ್ರಾಫ್ ತೋರಿಸುವುದು ಒಟ್ಟು ಮೌಲ್ಯವನ್ನು, ಗಳಿಕೆಯನ್ನಲ್ಲ. ಪಿಎಫ್ ಹಣ ತಂದು ಸುರಿದ ದಿನ ಗೆರೆ ಮುಗಿಲು ಮುಟ್ಟುತ್ತದೆ. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿದರೆ ಬರೀ ಕಟ್ಟಿದ್ದಕ್ಕೇ ಏರುತ್ತದೆ. ಯಜಮಾನರು ಅದನ್ನು ಹೆಂಡತಿಗೆ ತೋರಿಸಿ "ನೋಡೇ, ಹೆಂಗೆ ಬೆಳೆಸಿದೀನಿ" ಅನ್ನುತ್ತಾರೆ. ಮಗಳ ಇಂಜಿನಿಯರಿಂಗ್ ಫೀಸಿಗೆ ನಾಲ್ಕು ಲಕ್ಷ ತೆಗೆದ ದಿನ ಅದೇ ಗೆರೆ ದೊಪ್ಪನೆ ಬಿದ್ದಾಗ ಮಾತ್ರ ಫೋನು: "ಏನ್ರೀ ನಿಮ್ಮ ಸಾಫ್ಟ್‌ವೇರು!"

ಹಾಕಿದ್ದನ್ನೂ ತೆಗೆದದ್ದನ್ನೂ ದಿನಾಂಕ ಸಮೇತ ಲೆಕ್ಕ ಹಿಡಿದು ವಾರ್ಷಿಕ ಗಳಿಕೆ ಹೇಳುವ ಎಕ್ಸ್‌ಐಆರ್‌ಆರ್ ಎಂಬ ಸಂಖ್ಯೆ ಒಳಪುಟಗಳಲ್ಲೆಲ್ಲೋ ಅಡಗಿರುತ್ತದೆ. ಬಹಳ ಸಲ ಅದು ಬ್ಯಾಂಕ್ ಎಫ್‌ಡಿ ಬಡ್ಡಿಯ ಪಕ್ಕದ ಮನೆಯಲ್ಲೇ ವಾಸವಿರುತ್ತದೆ. ಅದನ್ನು ಒಮ್ಮೆ ನೋಡಿದವರು ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದಿಲ್ಲ, ಆ್ಯಪ್ ಬದಲಿಸುತ್ತಾರೆ.