ತ್ರಿಬಾಹುವಿಚಿಕಿತ್ಸೆ ಅರ್ಥಾತ್ ಬೀರುವಿನ ಹಿಂದಿನ ಸಂದು

ಮೂರು ಉದ್ದಗಳನ್ನು ಕೊಟ್ಟು ‘ಇವು ಲಂಬಕೋನ ತ್ರಿಭುಜದ ಬಾಹುಗಳೇ?’ ಎಂದು ಕೇಳುವುದು ಅಲ್ಪಮತಿಗಳ ಕಣ್ಣಿಗೆ ಎರಡು ಅಂಕದ ಪ್ರಶ್ನೆ. ಬಲ್ಲವರಿಗೆ ಇದು ಜಾತಕ ನೋಡುವ ಕೆಲಸ. ಮೂವರಲ್ಲಿ ಎಲ್ಲರಿಗಿಂತ ಉದ್ದದವನನ್ನು ಹುಡುಕಿ ಬೇರೆ ಮಣೆ ಹಾಕಿ ಕೂರಿಸಬೇಕು. ಉಳಿದಿಬ್ಬರ ವರ್ಗ ಕೂಡಿಸಿ ಅವನ ವರ್ಗಕ್ಕೆ ತಾಳೆ ನೋಡಬೇಕು. ಸರಿಹೋದರೆ ಸಂಬಂಧ ಕುದುರಿತು. 13, 5, 12 ಎಂದು ಕೊಟ್ಟಾಗ ಮೊದಲೆರಡನ್ನೇ ಕೂಡಿಸಿ 194 ತೆಗೆದು, 144ಕ್ಕೆ ಹೊಂದಲಿಲ್ಲವೆಂದು ಒಳ್ಳೆಯ ಸಂಬಂಧವನ್ನು ಮುರಿದವರುಂಟು. ಪ್ರಸ್ತುತ ಸಂಶೋಧಕನೂ ಎಂಟನೇ ತರಗತಿಯಲ್ಲಿ ಆ ಪಂಥದವನೇ.

ಇನ್ನು ಪೂರ್ವಸೂರಿಗಳು. ಬೌಧಾಯನನು ಯಜ್ಞವೇದಿಗೆ ಹಗ್ಗ ಹಿಡಿದು ತನ್ನ ಶುಲ್ಬಸೂತ್ರದಲ್ಲಿ ಈ ವರ್ಗಗಳ ಲೆಕ್ಕವನ್ನು ಹೇಳಿದ, ಶುಲ್ಬವೆಂದರೆ ಹಗ್ಗವೇ. ಯೂಕ್ಲಿಡನ ಮೊದಲ ಪುಸ್ತಕದ 47ನೇ ಪ್ರಮೇಯ ಪೈಥಾಗೊರಸನ ಹೆಸರಿನದು. ಆದರೆ ನಮ್ಮ ಪರೀಕ್ಷೆಗೆ ಒದಗುವುದು ಅದರ ವಿಲೋಮವಾದ 48ನೆಯದು. ದುಡಿಯುವವನೊಬ್ಬ, ಶಾಲು ಹೊದೆಸಿಕೊಳ್ಳುವವನೊಬ್ಬ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿರುವ ಪ್ಲಿಂಪ್ಟನ್ 322 ಎಂಬ ಬ್ಯಾಬಿಲೋನಿನ ಮಣ್ಣಿನ ಹಲಗೆಯ ಒಂದು ಸಾಲಿನಲ್ಲಿ 12709, 18541 ಎಂಬ ಬಾಹುಗಳಿವೆ. ಮೂರನೆಯದು 13500. ಲೆಕ್ಕ ಒಂದು ಕೂದಲೂ ತಪ್ಪಿಲ್ಲ. ಹಸಿಮಣ್ಣಿನ ಮೇಲೆ ಇದನ್ನು ಗೀಚಿದ ಪುಣ್ಯಾತ್ಮ ಮನೆ ಕಟ್ಟಿಸುತ್ತಿರಲಿಲ್ಲವೆಂದು ನನ್ನ ಊಹೆ.

ಈಗ ಪ್ರಕೃತ ವಿಷಯ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನವರು ಭಾಗ್ಯವಂತರು. ಮೂಲೆ ನೇರವಾಗಿದ್ದರೆ ಅವರ ಸೈಟಿನ ಕರ್ಣ ಸರಿಯಾಗಿ ಐವತ್ತಡಿ, ಮೂರು-ನಾಲ್ಕು-ಐದರ ಹತ್ತು ಪಟ್ಟು. ಇಪ್ಪತ್ತು-ಮೂವತ್ತರವರದು ಮೂವತ್ತಾರಡಿ ದಾಟಿ, ದಶಮಾಂಶದಲ್ಲಿ ಕೊನೆಯಿಲ್ಲದೆ ಅಲೆಯುತ್ತದೆ.

ನಾನು ಭಾಗ್ಯವಂತ. ಕಾಂಪೌಂಡಿಗೆ ದಾರ ಕಟ್ಟಿದ ದಿನ ಟೇಪು ಹಿಡಿದೆ: 30, 40, ಮತ್ತು 50 ಅಡಿ 3 ಇಂಚು. ಮೇಸ್ತ್ರಿ ಕಣ್ಣಳತೆ ಸಂಪ್ರದಾಯದ ಪ್ರಕಾಂಡ ಪಂಡಿತ; ಅವನ ಮೂಲೆಮಟ್ಟ ಮರಳಿನ ರಾಶಿಯ ಮೇಲೆ ತಪಸ್ಸಿಗೆ ಕೂತಿತ್ತು. ‘ಮೂರಿಂಚು ಏನೂ ಅಲ್ಲ ಸಾರ್, ಪ್ಲಾಸ್ಟರಿನಲ್ಲಿ ಕವರ್ ಆಗತ್ತೆ’ ಎಂದು ಭಾಷ್ಯ ಬರೆದ. ನಾನು ಖಂಡನೆಗೆ ತೊಡಗಿದೆ: 900ಕ್ಕೆ 1600 ಸೇರಿ 2500, ನಿನ್ನ ಕರ್ಣದ ವರ್ಗ 2525 ಚಿಲ್ಲರೆ. ಅಧಿಕವಾದ್ದರಿಂದ ಇದು ವಿಶಾಲಕೋನ, ತೊಂಬತ್ತಕ್ಕಿಂತ ಅರ್ಧ ಡಿಗ್ರಿಗೂ ಮಿಕ್ಕು ಜಾಸ್ತಿ. ಮೂವತ್ತಡಿ ಗೋಡೆಯ ಆ ತುದಿ ಮೂರೂಮುಕ್ಕಾಲು ಇಂಚು ಆಚೆ ಹೋಗುತ್ತದೆ! ಮೇಸ್ತ್ರಿ ಎಲೆಯಡಿಕೆ ಉಗಿದು ಬಂದು, ‘ವಿಶಾಲ ಅಂದ್ರೆ ಒಳ್ಳೇದೇ ಅಲ್ವಾ ಸಾರ್’ ಎಂದ. ವಾದದಲ್ಲಿ ಸೋತೆ.

ಮನೆಯ ಗೋಡೆಗಳೂ ಆ ದಾರವನ್ನೇ ಅನುಸರಿಸಿದವು. ಮೂರಡಿ ಅಗಲದ ಬೀರುವನ್ನು ಮೂಲೆಗೆ ಒತ್ತಿಟ್ಟರೆ ಹಿಂದೆ ಒಂದು ತೆಳ್ಳನೆಯ ತ್ರಿಭುಜ ಉಳಿಯುತ್ತದೆ. ಅದರ ಬಾಯಿ ಕಾಲಿಂಚಿಗೆ ಹೆಚ್ಚು, ಅರ್ಧ ಇಂಚಿಗೆ ಕಡಿಮೆ; ಕೈ ಹೋಗದು, ಕಾಗದ ಹೋಗುತ್ತದೆ. ಕಳೆದ ತಿಂಗಳ ಕರೆಂಟ್ ಬಿಲ್ಲು ಸದ್ಯಕ್ಕೆ ಅಲ್ಲೇ ಇದೆ.