ಶನಿವಾರದ ಆರತಕ್ಷತೆ

ನಮ್ಮ ಕಡೆಯ ಮದುವೆಗಳಲ್ಲಿ ಒಂದು ಅನುಕೂಲವಿದೆ. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಗ್ಗೆ ಮುಹೂರ್ತ. ಹುಡುಗ ಹುಡುಗಿಗೆ ಇನ್ನೂ ಮದುವೆಯೇ ಆಗಿರುವುದಿಲ್ಲ. ಆದರೂ ಇಬ್ಬರೂ ವೇದಿಕೆಯ ಮೇಲೆ ಗಂಟೆಗಟ್ಟಲೆ ನಿಂತು, ನಕ್ಕು, ಮುಯ್ಯಿಯ ಕವರು ಇಸಿದುಕೊಂಡು, ಫೋಟೋ ಹೊಡೆಸಿಕೊಳ್ಳುತ್ತಾರೆ. ಬಂದವರು ಊಟ ಮುಗಿಸಿ, ಐಸ್‌ಕ್ರೀಮು ತಿಂದು, ತಾಂಬೂಲದ ಚೀಲ ಹಿಡಿದು ಹೊರಟರೆ ಅವರ ಮಟ್ಟಿಗೆ ಮದುವೆ ಮುಗಿದಂತೆ. ಮರುದಿನ ತಾಳಿ ಕಟ್ಟುವ ಹೊತ್ತಿಗೆ ಛತ್ರದಲ್ಲಿ ಉಳಿಯುವವರು ಪುರೋಹಿತರು, ಸೋದರಮಾವ, ಮತ್ತು ಬಿಲ್ಲು ಚುಕ್ತಾ ಮಾಡಬೇಕಾದವರು. ಫಾರ್ಮುಲಾ ಒನ್ ನಡೆಸುವವರಿಗೆ ಬೆಂಗಳೂರಿನ ಯಾವುದೋ ಛತ್ರದ ಮ್ಯಾನೇಜರೇ ಸಲಹೆ ಕೊಟ್ಟಿರಬೇಕು. 2021ರಿಂದ ಅವರೂ ಕೆಲವು ಊರುಗಳಲ್ಲಿ ಶನಿವಾರವೇ ಒಂದು ರೇಸು ಓಡಿಸಿ, ಗೆದ್ದವರ ಕೈಕುಲುಕಿ, ಜನರನ್ನು ಮನೆಗೆ ಕಳಿಸುವ ಏರ್ಪಾಡು ಮಾಡಿಕೊಂಡಿದ್ದಾರೆ. ಅದರ ಹೆಸರು ಸ್ಪ್ರಿಂಟ್.

ಭಾನುವಾರದ ಗ್ರ್ಯಾನ್ ಪ್ರಿ 305 ಕಿಲೋಮೀಟರು. ಸ್ಪ್ರಿಂಟ್ 100 ಕಿಲೋಮೀಟರು, ಅರ್ಧ ಗಂಟೆಯ ಆಟ. ಟೈರು ಬದಲಿಸಲೇಬೇಕೆಂಬ ನಿಯಮವಿಲ್ಲ. ಆದ್ದರಿಂದ ಪಿಟ್ ಸ್ಟಾಪ್ ಇಲ್ಲ. ಆದ್ದರಿಂದ ಒಬ್ಬರು ಬೇಗ ಒಳಗೆ ಬಂದು ಇನ್ನೊಬ್ಬರನ್ನು ಯಾಮಾರಿಸುವ ಕಸುಬೂ ಇಲ್ಲ. ಗೆದ್ದವರಿಗೆ 8 ಅಂಕ, ಎರಡನೆಯವರಿಗೆ 7, ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಎಂಟನೆಯವರಿಗೆ 1. ಒಂಬತ್ತನೆಯವರಿಂದ ಕೊನೆಯವರ ತನಕ ಉಳಿದ ಅಷ್ಟೂ ಜನ ಬರೀ ಕೈಯಲ್ಲಿ ವಾಪಸ್.

ಈಗ ನೀವೇ ಐದನೇ ಸ್ಥಾನದಲ್ಲಿ ಓಡುತ್ತಿದ್ದೀರಿ ಅಂದುಕೊಳ್ಳಿ. ಮುಂದಿನವರನ್ನು ಹಿಂದಿಕ್ಕಿದರೆ ಸಿಗುವುದು ಒಂದೇ ಒಂದು ಅಂಕ. ಒಳಬದಿಗೆ ನುಗ್ಗುವಾಗ ಚಕ್ರಕ್ಕೆ ಚಕ್ರ ತಾಗಿದರೆ ಮುಂದಿನ ರೆಕ್ಕೆ ಹೋಯಿತು, ಫ್ಲೋರ್ ಸೀಳಿತು, ಕೆಲವೇ ಗಂಟೆಗಳಲ್ಲಿ ನಡೆಯುವ, ಭಾನುವಾರ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಕ್ವಾಲಿಫೈಯಿಂಗ್ ಕೈಬಿಟ್ಟಿತು. ಅದರ ಜೊತೆ ಭಾನುವಾರದ 25 ಅಂಕದ ಆಸೆಯೂ ಹೋಯಿತು. ಬುದ್ಧಿ ನೆಟ್ಟಗಿರುವ ಯಾರಾದರೂ ನುಗ್ಗುತ್ತಾರೆಯೇ? ನುಗ್ಗುವುದಿಲ್ಲ. ಅದಕ್ಕೇ ಸ್ಪ್ರಿಂಟ್ ಅಂದರೆ ಮೊದಲ ಸುತ್ತಿನ ಮೂರು ನಾಲ್ಕು ತಿರುವು, ಆಮೇಲಿನದೆಲ್ಲ ಸಾಲು. ಕಾಮೆಂಟರಿಯವರು ಮೂರನೆಯ ಕಾರಿಗೂ ನಾಲ್ಕನೆಯ ಕಾರಿಗೂ ನಡುವಿನ ಒಂದೂವರೆ ಸೆಕೆಂಡನ್ನು ಹತ್ತು ನಿಮಿಷ ಅಗಿಯುತ್ತಾರೆ. ರೇಡಿಯೊದಲ್ಲಿ ಎಂಜಿನಿಯರು ಟೈರು ಬಿಸಿಯಾಗುತ್ತಿದೆ, ಸ್ವಲ್ಪ ಹಿಂದೆ ಸರಿ ಅನ್ನುತ್ತಾರೆ. ಜಗತ್ತಿನ ಅತಿ ವೇಗದ ಕಾರುಗಳು, ಅತಿ ದುಬಾರಿ ಚಾಲಕರು, ಮತ್ತು ಎಲ್ಲರ ತಲೆಯಲ್ಲೂ ಒಂದೇ ಯೋಚನೆ: ಏನೂ ಆಗದೆ ಇದು ಮುಗಿದರೆ ಸಾಕಪ್ಪ. ಯಾರೂ ಸ್ಪರ್ಧಿಸದಿರುವುದೇ ಜಾಣತನವಾಗಿರುವ ಸ್ಪರ್ಧೆಯನ್ನು ಕಂಡುಹಿಡಿದದ್ದಕ್ಕೆ ಇವರಿಗೆ ಯಾವುದಾದರೂ ಪ್ರಶಸ್ತಿ ಕೊಡಲೇಬೇಕು.

ಪ್ರಶಸ್ತಿ ಅಂದಾಗ ನೆನಪಾಯಿತು. ಮೊದಲ ಪ್ರಯೋಗ ನಡೆದದ್ದು 2021ರ ಜುಲೈನಲ್ಲಿ, ಸಿಲ್ವರ್‌ಸ್ಟೋನಿನಲ್ಲಿ. ಶುಕ್ರವಾರದ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿಸಿದವರು ಲೂಯಿಸ್ ಹ್ಯಾಮಿಲ್ಟನ್. ಹಳೆಯ ಕಾಲವಾಗಿದ್ದರೆ ಅದಕ್ಕೆ ಪೋಲ್ ಪೊಸಿಷನ್, ಅಂದರೆ ಭಾನುವಾರ ಎಲ್ಲರಿಗಿಂತ ಮುಂದೆ ನಿಲ್ಲುವ ಹಕ್ಕು, ಅನ್ನುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಅವರನ್ನು ‘ಸ್ಪೀಡ್ ಕಿಂಗ್’ ಎಂದು ಕರೆದು ಸಮಾಧಾನ ಮಾಡಿದರು. ಶನಿವಾರ 17 ಸುತ್ತಿನ ಸ್ಪ್ರಿಂಟ್ ಗೆದ್ದ ಮ್ಯಾಕ್ಸ್ ವೆರ್‌ಸ್ಟಾಪನ್‌ಗೆ 3 ಅಂಕ, ಕೊರಳಿಗೆ ಎಲೆಗಳ ಮಾಲೆ, ಅಭಿಮಾನಿಗಳ ಮುಂದೆ ಮೆರವಣಿಗೆ, ಜೊತೆಗೆ ದಾಖಲೆ ಪುಸ್ತಕದಲ್ಲಿ ಆ ವಾರದ ಪೋಲ್. ಮಾಲೆ ಬಾಡುವ ಮೊದಲೇ, ಭಾನುವಾರದ ಮೊದಲ ಸುತ್ತಿನಲ್ಲೇ, ಇದೇ ಇಬ್ಬರು ಕಾಪ್ಸ್ ತಿರುವಿನಲ್ಲಿ ತಾಗಿ ವೆರ್‌ಸ್ಟಾಪನ್ ತಡೆಗೋಡೆಗೆ ಅಪ್ಪಳಿಸಿದರು. ಎರಡನೆಯ ಪ್ರಯೋಗ ಮೊಂಜಾ. ಅಲ್ಲಿ ವಾಲ್ಟೆರಿ ಬೊಟಾಸ್ ಶುಕ್ರವಾರವೂ ಮೊದಲು, ಶನಿವಾರವೂ ಮೊದಲು, ಭಾನುವಾರ ಕಟ್ಟಕಡೆಯ ಸಾಲಿನಲ್ಲಿ. ಎಂಜಿನ್ ಬದಲಿಸಿದ ದಂಡ. ಪೋಲ್ ಸಿಕ್ಕಿದ್ದು ಸ್ಪ್ರಿಂಟ್‌ನಲ್ಲಿ ಎರಡನೆಯವರಾದ ವೆರ್‌ಸ್ಟಾಪನ್‌ಗೆ. ಹೊಸದಾಗಿ ರೇಸ್ ನೋಡಲು ಬಂದವರಿಗೆ ಆಟ ಅರ್ಥವಾಗಲಿ ಎಂಬ ಘನ ಉದ್ದೇಶದಿಂದ ತಂದ ಪದ್ಧತಿಯಿದು. ಹಳಬರಿಗೂ ಅರ್ಥವಾಗದಂತೆ ಮಾಡುವಲ್ಲಿ ಯಶಸ್ವಿಯಾಯಿತು.

ಅಲ್ಲಿಂದ ಮುಂದೆ ಅದು ಪ್ರತಿವರ್ಷ ವೇಷ ಬದಲಿಸುತ್ತ ಬಂತು. 2022ರಲ್ಲಿ ಪೋಲ್ ಶುಕ್ರವಾರಕ್ಕೆ ವಾಪಸಾಯಿತು, ಅಂಕ 8ಕ್ಕೆ ಏರಿತು. 2023ರಲ್ಲಿ ಶನಿವಾರಕ್ಕೇ ಬೇರೆ ಕ್ವಾಲಿಫೈಯಿಂಗ್, ಅದಕ್ಕೆ ‘ಶೂಟ್‌ಔಟ್’ ಎಂಬ ಗುಂಡಿನ ಸದ್ದಿನ ಹೆಸರು. ಅದರ ಕೊನೆಯ ಹಂತದಲ್ಲಿ ಹೊಸ ಸಾಫ್ಟ್ ಟೈರನ್ನೇ ಹಾಕಬೇಕೆಂದು ನಿಯಮ ಬರೆದಿದ್ದರು. ಮೊದಲ ಪ್ರಯೋಗ ಬಾಕುವಿನಲ್ಲಿ. ಲ್ಯಾಂಡೊ ನಾರಿಸ್ ಕಷ್ಟಪಟ್ಟು ಆ ಕೊನೆಯ ಹಂತ ತಲುಪಿದರು, ಆದರೆ ಹೊಸ ಸಾಫ್ಟ್ ಟೈರು ಹಿಂದಿನ ದಿನವೇ ಖರ್ಚಾಗಿತ್ತು. ಕಾರು ಸರಿಯಿದೆ, ಚಾಲಕ ಸರಿಯಿದ್ದಾರೆ, ಟ್ರ್ಯಾಕು ಖಾಲಿಯಿದೆ, ಗ್ಯಾರೇಜಿನ ಬಾಗಿಲು ಮಾತ್ರ ದಾಟುವಂತಿಲ್ಲ. ಪರೀಕ್ಷೆ ಪಾಸಾದರೂ ಪೆನ್ನು ಹಳೆಯದೆಂದು ಹಾಲ್ ಟಿಕೆಟ್ ಕಿತ್ತುಕೊಂಡ ಹಾಗೆ ಅಂತ ಬರೆಯಲು ಹೊರಟಿದ್ದೆ. ಬೇಡ, ಇದಕ್ಕೆ ಹೋಲಿಕೆಯ ಹಂಗೇ ಇಲ್ಲ. 2024ರಲ್ಲಿ ಮತ್ತೆ ದಿನಗಳ ಸರದಿ ಅದಲುಬದಲು.

ಸ್ಪ್ರಿಂಟ್‌ಗೆ ಜಾಗ ಮಾಡಿಕೊಡಲು ಬಲಿಯಾದದ್ದು ಅಭ್ಯಾಸ. ಮಾಮೂಲಿ ವಾರಾಂತ್ಯದಲ್ಲಿ ಗಂಟೆಯ ಮೂರು ಅಭ್ಯಾಸ ಅವಧಿಗಳು. ಸ್ಪ್ರಿಂಟ್ ಇದ್ದರೆ ಒಂದೇ. ಅಭ್ಯಾಸ ಯಾರಿಗೆ ಬೇಕು ಎಂಬುದು ಫಾರ್ಮುಲಾ ಒನ್ ಮುಖ್ಯಸ್ಥ ಸ್ಟೆಫಾನೊ ಡೊಮೆನಿಕಾಲಿಯವರ ನಿಲುವು. ಅದು ಯಾರಿಗೆ ಬೇಕು ಎಂಬುದಕ್ಕೆ ಉತ್ತರ ಕಾರಿನ ಹೊಟ್ಟೆಯಡಿ ಇದೆ. ಅಲ್ಲೊಂದು ಹಲಗೆ ಬಿಗಿದಿರುತ್ತಾರೆ. ಹೊಸದಿದ್ದಾಗ 10 ಮಿಲಿಮೀಟರು ದಪ್ಪ. ರೇಸು ಮುಗಿದಾಗ 9ಕ್ಕಿಂತ ತೆಳ್ಳಗಾಗಿರಬಾರದು. ಕಾರು ನೆಲಕ್ಕೆ ಹತ್ತಿರವಾದಷ್ಟೂ ವೇಗ ಜಾಸ್ತಿ, ಹಲಗೆ ಉಜ್ಜುವುದೂ ಜಾಸ್ತಿ. ಎಷ್ಟು ತಗ್ಗಿಸಬಹುದು ಎಂಬ ಈ ಒಂದು ಮಿಲಿಮೀಟರಿನ ಲೆಕ್ಕಕ್ಕಾಗಿಯೇ ತಂಡಗಳು ಸುತ್ತು ಸುತ್ತುತ್ತವೆ. 2023ರ ಅಕ್ಟೋಬರಿನಲ್ಲಿ, ಉಬ್ಬುತಗ್ಗಿಗೆ ಹೆಸರಾದ ಆಸ್ಟಿನ್‌ನಲ್ಲಿ, ಒಂದು ಗಂಟೆ ಅಭ್ಯಾಸ ಕೊಟ್ಟು ಆಮೇಲೆ ಕಾರಿನ ಎತ್ತರ ಮುಟ್ಟಬೇಡಿ ಎಂದರು. ಭಾನುವಾರ ರೇಸು ಮುಗಿದ ಮೇಲೆ ನಾಲ್ಕು ಕಾರುಗಳ ಹಲಗೆ ಅಳೆದರು. ಎರಡು ಸವೆದಿದ್ದವು: ಎರಡನೇ ಸ್ಥಾನ ಪಡೆದ ಹ್ಯಾಮಿಲ್ಟನ್‌ರದು, ಆರನೆಯವರಾದ ಶಾರ್ಲ್ ಲೆಕ್ಲೆರ್‌ರದು. ಇಬ್ಬರೂ ಅನರ್ಹ. ಉಳಿದವರಲ್ಲಿ ಅಳೆಸಿಕೊಳ್ಳದವರೆಲ್ಲ ಪುಣ್ಯವಂತರು.

ಹ್ಯಾಮಿಲ್ಟನ್‌ರಿಗೆ ಈ ಹಲಗೆಯ ಋಣ ಅಷ್ಟಕ್ಕೇ ತೀರಲಿಲ್ಲ. 2025ರ ಮಾರ್ಚ್‌ನಲ್ಲಿ ಶಾಂಘೈ. ಫೆರಾರಿ ಸೇರಿದ ಎರಡನೇ ವಾರಾಂತ್ಯದಲ್ಲೇ ಅವರು ಸ್ಪ್ರಿಂಟ್ ಗೆದ್ದರು. ಕೆಂಪು ಬಾವುಟದವರು ಕಣ್ಣೊರೆಸಿಕೊಂಡರು. ಮರುದಿನ ಗ್ರ್ಯಾನ್ ಪ್ರಿ ಮುಗಿದಾಗ ಅವರ ಹಲಗೆ ತೆಳುವಾಗಿತ್ತು, ಲೆಕ್ಲೆರ್ ಕಾರಿನ ತೂಕ ಒಂದು ಕಿಲೋ ಕಡಿಮೆಯಿತ್ತು, ಎರಡೂ ಫೆರಾರಿಗಳು ಪಟ್ಟಿಯಿಂದ ಹೊರಗೆ. ಆ ವರ್ಷ ಪೂರ್ತಿ ಹ್ಯಾಮಿಲ್ಟನ್ ಒಂದು ಭಾನುವಾರವೂ ಪೋಡಿಯಂ ಹತ್ತಲಿಲ್ಲ. ಸ್ಪ್ರಿಂಟ್ ಗೆಲುವು ಗ್ರ್ಯಾನ್ ಪ್ರಿ ಗೆಲುವಿನ ಲೆಕ್ಕಕ್ಕೆ ಸೇರುವುದೂ ಇಲ್ಲ. ಆರತಕ್ಷತೆ ಅದ್ದೂರಿಯಾಗಿತ್ತು, ಆಲ್ಬಮ್ಮೂ ಚೆನ್ನಾಗಿದೆ, ಮುಹೂರ್ತ ಮಾತ್ರ ಕೂಡಿಬರಲಿಲ್ಲ.

ಸ್ಪ್ರಿಂಟ್ ಪರ ವಾದಿಸುವವರ ಬಳಿ ಒಂದು ತುರುಪಿನ ಎಲೆ ಇದೆ: ಇಂಟರ್‌ಲಾಗೋಸ್, 2021. ಹಿಂಬದಿಯ ರೆಕ್ಕೆ ನಿಯಮ ಮೀರಿದ್ದಕ್ಕೆ ಕ್ವಾಲಿಫೈಯಿಂಗ್‌ನಿಂದ ಅನರ್ಹರಾದ ಹ್ಯಾಮಿಲ್ಟನ್ ಕಟ್ಟಕಡೆಯಿಂದ ಹೊರಟು 24 ಸುತ್ತಿನಲ್ಲಿ ಐದನೇ ಸ್ಥಾನಕ್ಕೆ ಬಂದರು. ಮರುದಿನ ಎಂಜಿನ್ ದಂಡ ಸೇರಿ ಹತ್ತನೆಯವರಾಗಿ ಹೊರಟು ರೇಸು ಗೆದ್ದರು. ಅದು ನಿಜಕ್ಕೂ ಚೆಂದದ ಶನಿವಾರ, ಅದನ್ನು ಅಲ್ಲಗಳೆದರೆ ನಾಲಿಗೆ ಬಿದ್ದುಹೋದೀತು. ಆದರೆ ಇಂಟರ್‌ಲಾಗೋಸ್‌ನಲ್ಲಿ ಚೆಂದದ ರೇಸಿಗೆ ಯಾವತ್ತು ಬರವಿತ್ತು? ಅಲ್ಲಿ ಹಿಂದಿಕ್ಕಲು ಜಾಗವಿದೆ, ಆಗಾಗ ಮಳೆ ಬರುತ್ತದೆ. ಅದೇ ಇಂಟರ್‌ಲಾಗೋಸ್‌ನಲ್ಲಿ ಮರುವರ್ಷ ನಡೆದದ್ದನ್ನು ಈ ವಕೀಲರು ಹೇಳುವುದಿಲ್ಲ. ಶುಕ್ರವಾರ ಮಳೆ ಬರುವ ಮುಂಚಿನ ಕೆಲವೇ ನಿಮಿಷದಲ್ಲಿ ಹಾಸ್ ತಂಡದ ಕೆವಿನ್ ಮ್ಯಾಗ್ನುಸೆನ್ ಎಲ್ಲರಿಗಿಂತ ವೇಗದ ಸುತ್ತು ಹಾಕಿದರು. ಹಾಸ್ ತಂಡಕ್ಕೆ ಮೊದಲ ಪೋಲ್, ಮ್ಯಾಗ್ನುಸೆನ್‌ಗೂ ಮೊದಲನೆಯದು. ಮಾಮೂಲಿ ವಾರವಾಗಿದ್ದರೆ ಆ ಪುಟ್ಟ ತಂಡದ ಕಾರು ಭಾನುವಾರ ಇಡೀ ಜಗತ್ತಿನ ಮುಂದೆ ಮೊದಲ ಸ್ಥಾನದಲ್ಲಿ ನಿಲ್ಲುತ್ತಿತ್ತು. ನಡುವೆ ಸ್ಪ್ರಿಂಟ್ ಬಂತು. ದೊಡ್ಡ ತಂಡಗಳು ಒಂದೊಂದಾಗಿ ದಾಟಿಹೋದವು, ಅವರು ಎಂಟನೆಯವರಾದರು, ಒಂದು ಅಂಕ ಕೈಗೆ ಹಾಕಿ ಕಳಿಸಿದರು. ಭಾನುವಾರ ಎಂಟನೆಯವರಾಗಿ ಹೊರಟು, ಡ್ಯಾನಿಯಲ್ ರಿಕಾರ್ಡೊ ಹಿಂದಿನಿಂದ ತಾಗಿಸಿ, ಮೊದಲ ಸುತ್ತಿನಲ್ಲೇ ಆಟ ಮುಗಿಯಿತು. ದಾಖಲೆಯಲ್ಲಿ ಪೋಲ್ ಇದೆ. ಆ ಪೋಲ್‌ಗೆ ಭಾನುವಾರವೇ ಇಲ್ಲ.

ಇನ್ನೊಂದು ವಿಷಯ. ಶನಿವಾರ ಮಂಕಾಗಿದೆ, ಅದಕ್ಕೆ ಜೀವ ತುಂಬಬೇಕು ಎಂಬುದೇ ಉದ್ದೇಶವಾದರೆ ಸ್ಪ್ರಿಂಟ್ ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದು ಮೊನಾಕೊಗೆ. ಅಲ್ಲಿ ಭಾನುವಾರವೂ ಯಾರೂ ಯಾರನ್ನೂ ದಾಟುವುದಿಲ್ಲ. ಬೇಸರ ತಾಳಲಾರದೆ 2025ರಲ್ಲಿ ಎರಡು ಪಿಟ್ ಸ್ಟಾಪ್ ಕಡ್ಡಾಯ ಮಾಡಿ ನೋಡಿದರು, ಆಗಲೂ ದಾಟಲಿಲ್ಲ. ಆದರೆ ಮೊನಾಕೊಗೆ ಸ್ಪ್ರಿಂಟ್ ಕೊಟ್ಟಿಲ್ಲ. ಇನ್ನೂ ತಮಾಷೆಯೆಂದರೆ ಅದೇ ರಸ್ತೆಯಲ್ಲಿ ಕೆಳಗಿನ ದರ್ಜೆಯ ಎಫ್2 ಹುಡುಗರು ಸ್ಪ್ರಿಂಟ್ ಓಡುತ್ತಾರೆ. 2025ರ ಮೇ ತಿಂಗಳಲ್ಲಿ ಅದನ್ನು ಗೆದ್ದದ್ದು ನಮ್ಮ ಬೆಂಗಳೂರಿನ ಕುಶ್ ಮೈನಿ. ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಮಂದಿಯನ್ನು ತಿರುವುಮುರುವು ನಿಲ್ಲಿಸುವುದು ಎಫ್2 ಸ್ಪ್ರಿಂಟ್‌ನ ಕ್ರಮ. ಮೈನಿ ಮುಂದೆ ನಿಂತು, ಕೊನೆಯ ತನಕ ಯಾರಿಗೂ ಬಿಟ್ಟುಕೊಡಲಿಲ್ಲ. ಅದು ಕಲಿಯುವವರ ಶಾಲೆ, ಎಲ್ಲರಿಗೂ ಮುಂದೆ ನಿಂತು ಅಭ್ಯಾಸವಾಗಲಿ ಎಂಬ ಧೋರಣೆ ಅಲ್ಲಿ ಒಪ್ಪುತ್ತದೆ. ಹಿರಿಯರಿಗೆ ತಿರುವುಮುರುವಿನ ಧೈರ್ಯವೂ ಇಲ್ಲ, ಸುಮ್ಮನಿರುವ ಮರ್ಯಾದೆಯೂ ಇಲ್ಲ.

ಬೈಕ್ ರೇಸಿನ ಮೋಟೊಜಿಪಿಯವರು ಇವರಿಗಿಂತ ಒಂದು ಹೆಜ್ಜೆ ಮುಂದೆ. 2023ರಿಂದ ಅವರಲ್ಲಿ ಪ್ರತಿ ಸುತ್ತಿನಲ್ಲೂ ಸ್ಪ್ರಿಂಟ್, ಅರ್ಧ ದೂರ, ಅರ್ಧಕ್ಕೆ ಹತ್ತಿರದ ಅಂಕ. ಬೈಕಿನ ಮೇಲೆ ಮೈಯೇ ಬಂಪರು ಎಂಬುದನ್ನು ಯಾರೂ ಕೇಳಲಿಲ್ಲ. ಆ ಸೆಪ್ಟೆಂಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿಗೆ ಬಂದಾಗ ನಮ್ಮವರೂ ಕಣ್ಣಾರೆ ಕಂಡರು: ಶನಿವಾರದ ಸ್ಪ್ರಿಂಟ್‌ನ ಶುರುವಿನಲ್ಲೇ ಲುಕಾ ಮರೀನಿ ಬಿದ್ದು ಕೊರಳೆಲುಬು ಮುರಿದುಕೊಂಡು ಭಾನುವಾರದ ರೇಸಿಗೇ ಬರಲಿಲ್ಲ. ಮರುವರ್ಷ ಫ್ರಾನ್ಸೆಸ್ಕೊ ಬನ್ಯಾಯಾ 11 ಭಾನುವಾರ ಗೆದ್ದರು, ಹೋರ್ಹೆ ಮಾರ್ಟಿನ್ 3. ವಿಶ್ವ ಚಾಂಪಿಯನ್ ಆದವರು ಮಾರ್ಟಿನ್, 10 ಅಂಕಗಳಿಂದ. ಭಾನುವಾರಗಳಲ್ಲೂ ಅವರು ಎಡವದೆ ಓಡಿಸಿದರು, ಅದರಲ್ಲಿ ಅವರ ತಪ್ಪೇನಿಲ್ಲ. ಶನಿವಾರಗಳನ್ನು ಶ್ರದ್ಧೆಯಿಂದ ಪಾಲಿಸಿದವರಿಗೆ ಫಲ ಸಿಕ್ಕಿತು ಅಷ್ಟೆ.

ಫಾರ್ಮುಲಾ ಒನ್‌ನಲ್ಲಿ ಶನಿವಾರವೇ ಪಟ್ಟಾಭಿಷೇಕವೂ ಆಗಿಹೋಯಿತು. 2023ರ ಅಕ್ಟೋಬರ್ 7, ಕತಾರ್. ಪಟ್ಟದ ಪೈಪೋಟಿಯಲ್ಲಿ ಉಳಿದಿದ್ದ ಒಬ್ಬರೇ ಎದುರಾಳಿ ಸೆರ್ಗಿಯೊ ಪೆರೆಜ್ ಸ್ಪ್ರಿಂಟ್‌ನಲ್ಲಿ ಡಿಕ್ಕಿಯಾಗಿ ಹೊರಬಿದ್ದರು, ಆ ಕ್ಷಣಕ್ಕೆ ವೆರ್‌ಸ್ಟಾಪನ್‌ಗೆ ಮೂರನೇ ವಿಶ್ವಪಟ್ಟ ಖಾತ್ರಿಯಾಯಿತು. ಆ ಸ್ಪ್ರಿಂಟ್‌ನಲ್ಲಿ ಅವರು ಎರಡನೆಯವರು. ಗೆದ್ದವರು ಮೊದಲ ವರ್ಷದ ಹುಡುಗ ಆಸ್ಕರ್ ಪಿಯಾಸ್ಟ್ರಿ. ಭಾನುವಾರಕ್ಕೆ ಟಿಕೆಟ್ ಕೊಂಡವರು ಆಗಲೇ ಮುಗಿದ ಕಥೆಯ ಕೊನೆಯ ಅಧ್ಯಾಯ ನೋಡಲು ಹೋದರು. ಅಂದಹಾಗೆ, ಸ್ಪ್ರಿಂಟ್ ಬೇಡವೆಂದು ಶುರುವಿನಿಂದ ಗೊಣಗುತ್ತಿರುವವರು ಇದೇ ವೆರ್‌ಸ್ಟಾಪನ್. ಅತಿ ಹೆಚ್ಚು ಸ್ಪ್ರಿಂಟ್ ಗೆದ್ದವರೂ ಅವರೇ. ಸೋತವರು ಬೈದರೆ ಹೊಟ್ಟೆಯುರಿ ಅನ್ನಬಹುದು. ಗೆದ್ದವರೇ ಬೈದರೆ ಏನನ್ನಬೇಕೋ ಸಂಘಟಕರಿಗೆ ತೋಚಿಲ್ಲ.

ಬೇಕೆನ್ನುವವರು ಯಾರು ಹಾಗಾದರೆ? ಟ್ರ್ಯಾಕಿನ ಮಾಲೀಕರು, ಶುಕ್ರವಾರದ ಟಿಕೆಟನ್ನೂ ಮಾರಬಹುದಲ್ಲ. ಟಿವಿಯವರು, ಮೂರೂ ದಿನ ‘ನೇರ ಪ್ರಸಾರ’ ಎಂದು ಹಾಕಬಹುದಲ್ಲ. ಅದು ತಪ್ಪಲ್ಲ, ವ್ಯಾಪಾರ ಅಂದಮೇಲೆ ವ್ಯಾಪಾರ. 2026ರ ಪಟ್ಟಿಯಲ್ಲಿ ಆರು ಸ್ಪ್ರಿಂಟ್: ಶಾಂಘೈ, ಮಯಾಮಿ, ಮಾಂಟ್ರಿಯಲ್, ಸಿಲ್ವರ್‌ಸ್ಟೋನ್, ಝಾಂಡ್‌ವೋರ್ಟ್, ಸಿಂಗಪುರ. ಎಂಜಿನ್ನೂ ಹೊಸತು, ಕಾರಿನ ಆಕಾರವೂ ಹೊಸತು, ನಿಯಮವೆಲ್ಲ ತಲೆಕೆಳಗಾದ ವರ್ಷ. ಎರಡನೇ ಸುತ್ತಿಗೇ ಶಾಂಘೈನಲ್ಲಿ ಒಂದು ಗಂಟೆ ಅಭ್ಯಾಸ ಸಾಕು ಎಂದು ತೀರ್ಮಾನವಾಗಿದೆ. ಝಾಂಡ್‌ವೋರ್ಟ್‌ಗೆ ಅದು ಮೊದಲ ಸ್ಪ್ರಿಂಟ್, ಒಪ್ಪಂದ ಮುಗಿಯುವುದರಿಂದ ಕೊನೆಯ ಗ್ರ್ಯಾನ್ ಪ್ರಿ ಕೂಡ. ಇದರ ಮೇಲೆ ಡೊಮೆನಿಕಾಲಿಯವರಿಗೆ ಹೊಸ ಚಿಂತೆ, ಭಾನುವಾರದ ರೇಸು ಈಗಿನ ಯುವಜನರಿಗೆ ಉದ್ದವಾಯಿತೇನೋ ಎಂದು.

ನಮ್ಮ ದೇಶಕ್ಕೂ ಫಾರ್ಮುಲಾ ಒನ್ ಬಂದಿತ್ತು, 2011ರಿಂದ 2013ರವರೆಗೆ, ಅದೇ ಬುದ್ಧ ಸರ್ಕ್ಯೂಟಿಗೆ. ಮೂರೂ ವರ್ಷ ಸೆಬಾಸ್ಟಿಯನ್ ವೆಟೆಲ್ ಗೆದ್ದರು. ಆಗ ಎದ್ದ ತಕರಾರು ನೆನಪಿರಬಹುದು: ಇದು ಕ್ರೀಡೆಯೋ, ಮನರಂಜನೆಯೋ? ಕ್ರೀಡೆಯಾದರೆ ವಿನಾಯಿತಿ, ಮನರಂಜನೆಯಾದರೆ ತೆರಿಗೆ. ಮಾತು ಸುಪ್ರೀಂ ಕೋರ್ಟಿನ ತನಕ ಹೋಗಿ, ಟಿಕೆಟ್ ಹಣದ ಶೇಕಡಾ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಿ ಎಂದು ಆದೇಶವಾಗಿತ್ತು. ಕಾರ್ ರೇಸನ್ನು ಸಿನಿಮಾದ ಸಾಲಿಗೆ ಸೇರಿಸುತ್ತೀರಾ ಎಂದು ರೇಸಿನವರ ಕಡೆಯವರೆಲ್ಲ ಆಗ ಸಿಡಿಮಿಡಿಗೊಂಡಿದ್ದರು. 2017ರಲ್ಲಿ ಇಡೀ ಫಾರ್ಮುಲಾ ಒನ್ ಅನ್ನು ಕೊಂಡದ್ದು ಅಮೆರಿಕದ ಲಿಬರ್ಟಿ ಮೀಡಿಯಾ. 2025ರಲ್ಲಿ ಮೋಟೊಜಿಪಿಯೂ ಅವರ ಬುಟ್ಟಿಗೇ ಬಿತ್ತು. ಆ ದಾವೆ ಇವತ್ತು ಮತ್ತೆ ವಿಚಾರಣೆಗೆ ಬಂದರೆ ತೆರಿಗೆ ಇಲಾಖೆಯ ವಕೀಲರು ಬಾಯಿ ತೆರೆಯಬೇಕಾಗಿಯೇ ಇಲ್ಲ. ಶನಿವಾರದ ವೇಳಾಪಟ್ಟಿಯನ್ನು ನ್ಯಾಯಾಧೀಶರ ಮುಂದಿಟ್ಟು ಕೂತರೆ ಸಾಕು.